ಕ್ರೋಮ್ ಬಂಪರ್ ಜಂಗು ಹಿಡಿಯದಿರಲು: ಅದಿರಿನ ಧೂಳು, ಬೋರ್ ನೀರಿನ ಊರುಗಳಿಗೆ ಒಂದು ಮಾರ್ಗದರ್ಶಿ

ಬಳ್ಳಾರಿ ಜಿಲ್ಲೆಯ ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯ ಬಂಪರ್ ಮೇಲೆ ಕಾಣುವ ಕೆಂಪೆಲ್ಲ ತುಕ್ಕಲ್ಲ. ಅದಿರಿನ ಧೂಳು ಹೆಮಟೈಟ್, ಅಂದರೆ ಆಗಲೇ ಆಮ್ಲಜನಕದ ಜೊತೆ ಸೇರಿಹೋದ ಕಬ್ಬಿಣ. ಅದು ಹೊಸದಾಗಿ ತುಕ್ಕು ಹಿಡಿಯುವುದಿಲ್ಲ, ಬಂಪರ್‌ಗೆ ತುಕ್ಕು ಅಂಟಿಸುವುದೂ ಇಲ್ಲ. ಆದರೆ ಅದು ಬೋಲ್ಟಿನ ಸಂದಿ, ನಂಬರ್ ಪ್ಲೇಟಿನ ಹಿಂಬದಿ, ಬಂಪರ್‌ನ ಕೆಳಮಡಿಕೆ ಎಲ್ಲೆಡೆ ಕೂತು ತೇವ ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಇನ್ನೊಂದು ತೊಂದರೆ: ಬಂಪರ್ ಯಾವಾಗಲೂ ಕೆಂಪಗೇ ಇರುವುದರಿಂದ ಅದರಡಿಯಲ್ಲಿ ನಿಜವಾದ ತುಕ್ಕು ಶುರುವಾದದ್ದು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂಭಾಗ ಉಜ್ಜಿ ಹೊಳಪು ಬಂತು ಅಂದುಕೊಳ್ಳುವಷ್ಟರಲ್ಲಿ ಹಿಂಭಾಗದಲ್ಲಿ ತಗಡು ಅರ್ಧ ತಿಂದುಹೋಗಿರುತ್ತದೆ.

ಹಾಗಾಗಿ ಕೆಲಸ ಶುರು ಮಾಡುವ ಮೊದಲು ಏನು ತುಕ್ಕು ಹಿಡಿಯುತ್ತದೆ ಅನ್ನುವುದು ಗೊತ್ತಿರಬೇಕು. ಕ್ರೋಮ್ ತುಕ್ಕು ಹಿಡಿಯುವುದಿಲ್ಲ. ಬಂಪರ್‌ನ ಮೇಲ್ಪದರದಲ್ಲಿ ಹೊಳೆಯುವ ಕ್ರೋಮ್‌ನ ದಪ್ಪ ಸಾಮಾನ್ಯವಾಗಿ ಅರ್ಧ ಮೈಕ್ರಾನ್‌ಗಿಂತ ಹೆಚ್ಚಿರುವುದಿಲ್ಲ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರ ಭಾಗದಲ್ಲಿ ಒಂದು ಭಾಗ. ಇಷ್ಟು ತೆಳು ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುವಾಗಲೇ ಇರುತ್ತವೆ. ನಿಜವಾದ ರಕ್ಷಣೆ ಅದರಡಿಯ ನಿಕಲ್ ಪದರದ್ದು. ಒಳ್ಳೆಯ ಕೆಲಸದಲ್ಲಿ ಅದು 20–30 ಮೈಕ್ರಾನ್ ಇರುತ್ತದೆ. ಕೆಲವದರಲ್ಲಿ ನಿಕಲ್‌ನ ಕೆಳಗೆ ತಾಮ್ರದ ಪದರವೂ ಉಂಟು. ಎಲ್ಲಕ್ಕಿಂತ ಕೆಳಗಿರುವುದು ಉಕ್ಕು.

ಕಲ್ಲು ಸಿಡಿದೋ, ಪದರ ತೆಳುವಾಗಿಯೋ ನಿಕಲ್‌ನಲ್ಲಿ ಸೂಜಿಮೊನೆಯಷ್ಟು ತೂತಾದರೆ ಸಾಕು, ನೀರು ಉಕ್ಕನ್ನು ಮುಟ್ಟುತ್ತದೆ. ನಿಕಲ್ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ಉಪ್ಪಿನಂಶದ ನೀರು ಸೇರಿದಾಗ ಕರಗುವುದು ಉಕ್ಕೇ. ಸುತ್ತಲೂ ಅಷ್ಟಗಲ ಲೇಪನ, ನಡುವೆ ಇಷ್ಟೇ ಇಷ್ಟು ಉಕ್ಕು. ಸವೆತವೆಲ್ಲ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ. ಬರೀ ಬಣ್ಣ ಹೊಡೆದ ತಗಡಿಗಿಂತ ಕ್ರೋಮ್ ಬಂಪರ್‌ನಲ್ಲಿ ತುಕ್ಕು ಆಳಕ್ಕೆ, ಬೇಗ ಇಳಿಯುವುದು ಇದರಿಂದಲೇ.

ಮೊದಲು ಅಯಸ್ಕಾಂತ ಹಿಡಿಯಿರಿ

ಹೊಳೆಯುವುದೆಲ್ಲ ಕ್ರೋಮ್ ಉಕ್ಕಲ್ಲ. ಈಗಿನ ಕಾರುಗಳಲ್ಲಿ ಕ್ರೋಮ್ ಕಾಣುವ ಪಟ್ಟಿಗಳು ಬಹುತೇಕ ಪ್ಲಾಸ್ಟಿಕ್. ಲಾರಿ, ಜೀಪುಗಳಿಗೆ ಆಮೇಲೆ ಹಾಕಿಸಿದ ಗಾರ್ಡುಗಳು ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲ್ ಪೈಪಿನವು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, ಅದಕ್ಕಿಂತ ಹಳೆಯ ಫಿಯಟ್‌, ಜೀಪುಗಳಲ್ಲಿ ನಿಜವಾದ ಕ್ರೋಮ್ ಉಕ್ಕು ಸಿಗುತ್ತದೆ. ಬುಲೆಟ್‌ನಂಥ ಬೈಕುಗಳ ಕ್ರೋಮ್ ಲೆಗ್ ಗಾರ್ಡು, ಸೈಲೆನ್ಸರಿಗೂ ಇದೇ ಮಾತು.

ಫ್ರಿಜ್ಜಿಗೆ ಅಂಟಿಸುವ ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿದರೆ ಉಕ್ಕಿನ ಮೇಲೆ ಕ್ರೋಮ್ ಎಂದು ಹಿಡಿಯಬಹುದು. ಕಚ್ಚದಿದ್ದರೆ ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ, ಬೆರಳಲ್ಲಿ ಬಡಿದಾಗ ಟೊಳ್ಳು ಸದ್ದು ಬಂದರೆ ಪ್ಲಾಸ್ಟಿಕ್. ಕೆಲವು ಅಗ್ಗದ ಸ್ಟೇನ್‌ಲೆಸ್ ಕೂಡ ಅಯಸ್ಕಾಂತಕ್ಕೆ ಕಚ್ಚುತ್ತದೆ; ಹಿಂಭಾಗವೂ ಮುಂಭಾಗದ ಹಾಗೇ ಬಿಳಿ ಲೋಹವಾಗಿದ್ದರೆ ಅದು ಸ್ಟೇನ್‌ಲೆಸ್. ಇಲ್ಲಿಂದ ಮುಂದಿನದೆಲ್ಲ ಉಕ್ಕಿನ ಮೇಲಿನ ಕ್ರೋಮ್‌ಗೆ. ಪ್ಲಾಸ್ಟಿಕ್ ಕ್ರೋಮ್‌ಗೆ ಮುಂದೆ ಹೇಳುವ ಅಲ್ಯೂಮಿನಿಯಂ ಫಾಯಿಲ್, ಸ್ಟೀಲ್ ಉಣ್ಣೆ ಯಾವುದನ್ನೂ ಮುಟ್ಟಿಸಬೇಡಿ. ಶಾಂಪೂ ನೀರು, ಮೆತ್ತನೆ ಬಟ್ಟೆ ಸಾಕು. ಇನ್ನು ಕಾರು, ಜೀಪುಗಳಿಗೆ ಹೊಸದಾಗಿ ಕ್ರೋಮ್ ಬುಲ್‌ಬಾರ್ (ಬಂಪರ್ ಮುಂದಿನ ಪೈಪ್ ಗಾರ್ಡು) ಹಾಕಿಸುವ ಯೋಚನೆ ಇದ್ದರೆ ಬಿಡಿ. ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ.

ಕೆಂಪು ಚುಕ್ಕೆ ಯಾವುದು ಎಂದು ಗುರುತಿಸುವುದು

ಬಂಪರ್ ತೊಳೆದು ಒಣಗಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು, ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಮೂರು ಬಗೆ ಕಾಣುತ್ತವೆ.

ಒದ್ದೆ ಬಟ್ಟೆಗೆ ಬಂದುಬಿಟ್ಟರೆ ಅದು ಅದಿರಿನ ಧೂಳು. ಬಟ್ಟೆಗೆ ಬರದೆ, ಉಗುರಿಗೆ ಮೇಲಕ್ಕೆ ಎದ್ದ ಕಾಳಿನಂತೆ ತಾಗಿದರೆ ಅದು ಹೊರಗಿನಿಂದ ಬಂದು ಕೂತ ಲೋಹದ ಕಣ. ಗಿಣಿಗೇರಾ ಸುತ್ತಿನ ಸ್ಪಾಂಜ್ ಐರನ್ ಘಟಕಗಳು, ಉಕ್ಕಿನ ಕಾರ್ಖಾನೆ, ಗ್ರೈಂಡಿಂಗ್ ನಡೆಯುವ ವೆಲ್ಡಿಂಗ್ ಅಂಗಡಿ, ಇವುಗಳ ಹತ್ತಿರ ನಿಲ್ಲಿಸಿದ ಗಾಡಿಗಳ ಮೇಲೆ ಇವು ಸಾಮಾನ್ಯ. ಇದು ಅದಿರಲ್ಲ, ಲೋಹರೂಪದ ಕಬ್ಬಿಣ. ಒಂದು ರಾತ್ರಿಯ ಇಬ್ಬನಿಗೇ ಕೆಂಪಾಗುತ್ತದೆ. ತುಕ್ಕು ಹಿಡಿದದ್ದು ಕಣಕ್ಕೆ, ಬಂಪರ್‌ಗಲ್ಲ. ಪೇಂಟ್ ಅಂಗಡಿಯಲ್ಲಿ ಸಿಗುವ ಕ್ಲೇ ಬಾರ್ (ಜೇಡಿಮಣ್ಣಿನಂಥ ಮೆತ್ತನೆ ಉಂಡೆ) ಅನ್ನು ಶಾಂಪೂ ನೀರು ಸಿಂಪಡಿಸಿಕೊಂಡು ನಾಲ್ಕೈದು ಸಲ ಎಳೆದರೆ ಬರುತ್ತದೆ.

ಮೂರನೆಯದು ಮುಖ್ಯ. ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ಕಿತ್ತಳೆ ಬಳೆ, ಕೆಳಮುಖವಾಗಿ ಕಂದು ಕಣ್ಣೀರಿನ ಗೆರೆ. ಉಗುರಿಗೆ ಗುಂಡಿಯಾಗಿ ತಾಗುತ್ತದೆ. ಒಳಗಿನ ಉಕ್ಕು ಹೊರಗೆ ಬರುತ್ತಿರುವ ಗುರುತು ಇದು. ಪಕ್ಕದಲ್ಲಿ ಲೇಪನ ಅಕ್ಕಿಕಾಳಿನಷ್ಟು ಉಬ್ಬಿದ್ದರೆ ತುಕ್ಕು ಅಡಿಯಲ್ಲೇ ಹಬ್ಬಿದೆ. ಅದನ್ನು ಒತ್ತಿ, ಕೆರೆದು ನೋಡಲು ಹೋಗಬೇಡಿ, ಮುಚ್ಚಳ ಎದ್ದುಬರುತ್ತದೆ.

ತೊಳೆಯುವ ನೀರು

ನಮ್ಮ ಭಾಗದಲ್ಲಿ ಧೂಳಿಗಿಂತ ನೀರೇ ಹೆಚ್ಚು ಕೆಡಿಸುತ್ತದೆ. ಗಡಸು ಬೋರ್ ನೀರು ಬಿಸಿ ಬಂಪರ್ ಮೇಲೆ ಬಿದ್ದ ಕೂಡಲೇ ಆವಿಯಾಗಿ ಉಪ್ಪು, ಸುಣ್ಣ ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ದಿನ ಮಧ್ಯಾಹ್ನ ಗಾಡಿ ತೊಳೆಯುವುದಕ್ಕಿಂತ ತೊಳೆಯದೆ ಬಿಡುವುದು ಮೇಲು. ಬೆಳಿಗ್ಗೆ ಏಳರೊಳಗೆ, ಇಲ್ಲವೇ ಹೊತ್ತು ಮುಳುಗಿ ಲೋಹ ಕೈಗೆ ತಣ್ಣಗೆ ತಾಗಿದ ಮೇಲೆ ತೊಳೆಯಿರಿ.

ಒಣ ಬಟ್ಟೆಯಿಂದ ಧೂಳು ಒರೆಸುವ ಅಭ್ಯಾಸ ಬಿಡಿ. ಕ್ರೋಮ್ ಗಟ್ಟಿ, ಅದಿರಿನ ಧೂಳಿಗೆ ಸುಲಭವಾಗಿ ಗೀರು ಬೀಳುವುದಿಲ್ಲ. ಆದರೆ ಪದರ ಸವೆದು ನಿಕಲ್ ಕಾಣುವ ಜಾಗಕ್ಕೆ, ಪಕ್ಕದ ಬಣ್ಣಕ್ಕೆ ಬೀಳುತ್ತದೆ. ಮೊದಲು ಬರೀ ನೀರು ಸುರಿದು ಧೂಳು ಇಳಿಸಿ. ಹತ್ತು ಲೀಟರ್ ಬಕೆಟ್ಟಿಗೆ 30 ಮಿಲಿ ಕಾರ್ ಶಾಂಪೂ ಹಾಕಿ, ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಬಟ್ಟೆ ಹಿಂಡಲು ಬೇರೆ ಬಕೆಟ್ ಇರಲಿ. ಬಟ್ಟೆ ಒಗೆಯುವ ಪುಡಿ ಬೇಡ. ಪಾತ್ರೆ ತೊಳೆಯುವ ದ್ರವ ವ್ಯಾಕ್ಸನ್ನು ಕಿತ್ತುಹಾಕುತ್ತದೆ, ಹೊಸ ವ್ಯಾಕ್ಸ್ ಹಚ್ಚುವ ದಿನ ಮಾತ್ರ ಬಳಸಿ.

ಕೊನೆಯ ತೊಳೆತಕ್ಕೆ ಎರಡು ಲೀಟರ್ ಒಳ್ಳೆಯ ನೀರು ಸಾಕು: ಮಳೆನೀರು, ಎಸಿಯಿಂದ ತೊಟ್ಟಿಕ್ಕಿದ ನೀರು, ಇಲ್ಲವೇ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನ ನೀರು. ಆದರೆ ಅದೇ ಘಟಕದ ಹಿಂಬದಿಯ ಪೈಪಿನಿಂದ ಹೊರಗೆ ಬಿಡುವ ನೀರನ್ನು ಗಾಡಿಗೆ ಹಾಕಬೇಡಿ. ಯಂತ್ರ ಬೋರ್ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲಿ ಇರುತ್ತದೆ. ಬಿಟ್ಟಿ ಸಿಗುತ್ತದೆಂದು ಎಷ್ಟೋ ಕಡೆ ಅದರಲ್ಲೇ ಗಾಡಿ ತೊಳೆಯುತ್ತಾರೆ. ತೊಳೆದ ತಕ್ಷಣ ಹಳೆಯ ಮೆತ್ತನೆ ಪಂಚೆ ಬಟ್ಟೆಯಿಂದ ಒರೆಸಿ, ಬೋಲ್ಟಿನ ತಲೆ, ರಬ್ಬರ್ ಪಟ್ಟಿಯ ಅಂಚಿನ ನೀರನ್ನೂ ಹೀರಿಸಿ. ಆಮೇಲೆ ಗಾಡಿಯನ್ನು ಎರಡು ಕಿಲೋಮೀಟರ್ ಓಡಿಸಿದರೆ ಸಂದಿಯ ನೀರೂ ಹೋಗುತ್ತದೆ.

ಬಿಳಿ ಸುಣ್ಣದ ಕಲೆ ಕೂತಿದ್ದರೆ ಬಿಳಿ ವಿನಿಗರ್ ಮತ್ತು ನೀರು ಸಮ ಸಮ ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಇಟ್ಟು ತೆಗೆಯಿರಿ, ಕೂಡಲೇ ನೀರು ಹಾಕಿ.

ಮನೆಯ ಹಿತ್ತಾಳೆ ಪಾತ್ರೆಯ ನೆನಪಿನಲ್ಲಿ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವವರಿದ್ದಾರೆ. ಹುಳಿಯಿಂದ ಅಷ್ಟು ತೊಂದರೆ ಇಲ್ಲ, ಉಪ್ಪಿನಿಂದ ಇದೆ. ಅದು ತೂತುಗಳೊಳಗೆ ಇಳಿದು ಅಲ್ಲೇ ಕೂರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸಂಡಾಸು ತೊಳೆಯುವ ಆಸಿಡ್. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಪ್ಲೇಟಿಂಗ್ ಮಾಡುವವರು ಹಳೆಯ ಕ್ರೋಮ್ ಕಿತ್ತುಹಾಕಲು ಬಳಸುವುದೂ ಇದನ್ನೇ. ಹಚ್ಚಿದ ದಿನ ಬಂಪರ್ ಬೆಳ್ಳಗೆ ಕಾಣುತ್ತದೆ, ಕೆಲವೇ ದಿನಗಳಲ್ಲಿ ಮೊದಲಿಗಿಂತ ಹೆಚ್ಚು ಜಂಗು ಬರುತ್ತದೆ. ಸರ್ವೀಸ್ ಸ್ಟೇಷನ್ನಿನಲ್ಲಿ ಚಕ್ರಕ್ಕೆ ಹೊಡೆಯುವ ಆಸಿಡ್ ಬಂಪರ್‌ಗೆ ಸಿಡಿಯದಂತೆ ಮೊದಲೇ ಹೇಳಿ. ಬ್ಲೀಚಿಂಗ್ ಪುಡಿಯ ನೀರೂ ಬೇಡ. ಅದನ್ನು ಆಸಿಡ್ ಜೊತೆ ಸೇರಿಸಿದರೆ ಏಳುವ ಕ್ಲೋರಿನ್ ಅನಿಲ ಜೀವಕ್ಕೇ ಅಪಾಯ.

ಚುಕ್ಕೆ ತುಕ್ಕು ತೆಗೆಯುವ ಕೆಲಸ

ಬೇಕಾದದ್ದು: ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ, ಅಡುಗೆ ಉಪ್ಪಲ್ಲ) 50 ಗ್ರಾಂ, ಅಡುಗೆ ಸೋಡಾ ಒಂದು ಚಮಚ, ಹತ್ತಿ ಬಟ್ಟೆ, ಕೈಗವಸು.

ಬಂಪರ್ ತೊಳೆದು ಒದ್ದೆ ಇರುವಾಗಲೇ, ಅಂಗೈಯಷ್ಟು ಫಾಯಿಲ್ ಹರಿದು ಸಡಿಲವಾಗಿ ಮುದುಡಿ. ಒಂದು ಹನಿ ಶಾಂಪೂ ಬಿದ್ದ ನೀರಿನಲ್ಲಿ ಅದ್ದಿ, ಚುಕ್ಕೆಯ ಮೇಲೆ ಹಗುರವಾಗಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಬಹಳ ಮೆದು, ಗೀರು ಬೀಳುವುದಿಲ್ಲ. ಅರ್ಧ ನಿಮಿಷದಲ್ಲಿ ಬೂದು-ಕಂದು ಕೆಸರು ಬರುತ್ತದೆ. ಒರೆಸಿ, ಹೊಸ ಫಾಯಿಲ್ ತೆಗೆದುಕೊಳ್ಳಿ. ಬೆರಳಿನ ಭಾರ ಸಾಕು. ಒತ್ತಿದರೆ ಕೆಲಸ ಬೇಗ ಆಗುವುದಿಲ್ಲ, ಎದ್ದಿರುವ ಅಂಚು ಮಾತ್ರ ಕೀಳುತ್ತದೆ.

ಗುಂಡಿಯೊಳಗಿನ ತುಕ್ಕು ಫಾಯಿಲ್‌ಗೆ ಪೂರ್ತಿ ಬರುವುದಿಲ್ಲ. ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ, ಬಟ್ಟೆ ಅದ್ದಿ ಆ ಜಾಗಕ್ಕೆ ಹಾಸಿ. 15–20 ನಿಮಿಷ ಇರಲಿ, ನಡುನಡುವೆ ಒದ್ದೆ ಮಾಡುತ್ತಿರಿ. ಬಟ್ಟೆ ಒಣಗಲು ಬಿಟ್ಟರೆ ಕಲೆ ಉಳಿಯುತ್ತದೆ. ತೆಗೆದು ಧಾರಾಳ ನೀರು ಹಾಕಿ, ಒಂದು ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಮತ್ತೆ ನೀರು. ಹುಳಿ ಗುಂಡಿಯಲ್ಲಿ ಉಳಿದರೆ ಮಾರನೆಯ ಬೆಳಿಗ್ಗೆಯೇ ಕಂದು ಗೆರೆ ಇಳಿದಿರುತ್ತದೆ. "ತೆಗೆದರೂ ಮತ್ತೆ ಬಂತು" ಎಂಬ ದೂರಿಗೆ ಒಂದು ಕಾರಣ ಈ ಸೋಡಾ ನೀರು ಬಿಟ್ಟದ್ದು.

ಸ್ಟೀಲ್ ಉಣ್ಣೆ ಬಳಸುವುದೇ ಆದರೆ ನಾಲ್ಕು ಸೊನ್ನೆಯ ಅತಿ ನಯವಾದದ್ದು ಮಾತ್ರ, ಅದೂ ಎಣ್ಣೆ ಹಚ್ಚಿಕೊಂಡು. ಪಾತ್ರೆ ಉಜ್ಜುವ ತಂತಿ ಖಂಡಿತ ಬೇಡ. ಉಣ್ಣೆಯ ಮುರಿದ ಎಳೆ ಸಂದಿಯಲ್ಲಿ ಉಳಿದರೆ ಅದೇ ತುಕ್ಕಾಗುತ್ತದೆ; ಹಿತ್ತಾಳೆ ಉಣ್ಣೆ ಸಿಕ್ಕರೆ ಅದು ಉತ್ತಮ.

ಉಜ್ಜುತ್ತಾ ಹೋದಂತೆ ನೀಲಿಛಾಯೆಯ ಬಿಳುಪು ಹೋಗಿ ತುಸು ಹಳದಿ ಬಿಳುಪು ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ನಿಕಲ್. ಅಲ್ಲಿ ಕ್ರೋಮ್ ಮುಗಿದಿದೆ, ಇನ್ನು ಆ ಜಾಗಕ್ಕೆ ವ್ಯಾಕ್ಸ್ ಬಿಟ್ಟರೆ ಬೇರೇನೂ ತಾಗಿಸಬಾರದು.

ಸ್ವಚ್ಛವಾದ ಗುಂಡಿ ಕಪ್ಪಗೇ ಉಳಿಯುತ್ತದೆ, ಹೋದ ಲೋಹ ಮತ್ತೆ ಬರುವುದಿಲ್ಲ. ಹೇರ್ ಡ್ರೈಯರ್‌ನಲ್ಲಿ ಎರಡು ನಿಮಿಷ ಬಿಸಿ ಮಾಡಿ ಒಳಗಿನ ತೇವ ಓಡಿಸಿ, ಸ್ವಲ್ಪ ಥಿನ್ನರ್‌ನಲ್ಲಿ ಒರೆಸಿ, ಕಡ್ಡಿಯ ತುದಿಯಿಂದ ಪಾರದರ್ಶಕ ಲ್ಯಾಕರ್‌ನ ಒಂದು ಹನಿ ಗುಂಡಿಗೆ ಮಾತ್ರ ಇಡಿ. ಇಡೀ ಬಂಪರ್‌ಗೆ ಲ್ಯಾಕರ್ ಹೊಡೆಯುವುದು ಬೇಡ. ನುಣುಪು ಕ್ರೋಮ್ ಮೇಲೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ, ನಮ್ಮ ಬಿಸಿಲಿಗೆ ಹಳದಿಯಾಗಿ ಸಿಪ್ಪೆ ಏಳುತ್ತದೆ, ಸಿಪ್ಪೆಯಡಿ ನೀರು ನಿಲ್ಲುತ್ತದೆ.

ವ್ಯಾಕ್ಸ್, ಅದರ ಕಾಲ

ಬಂಪರ್ ನೆರಳಲ್ಲಿ, ತಣ್ಣಗೆ, ಪೂರ್ತಿ ಒಣಗಿರಬೇಕು. ಒಂದು ಅಡಿ ಉದ್ದಕ್ಕೆ ಬಟಾಣಿ ಕಾಳಿನಷ್ಟು ಪೇಸ್ಟ್ ವ್ಯಾಕ್ಸ್ ಸಾಕು. ತೆಳುವಾಗಿ ಸುತ್ತಿ ಹಚ್ಚಿ, ಮಸುಕಾದ ಮೇಲೆ ಒರೆಸಿ, ಒಂದು ಗಂಟೆ ಬಿಟ್ಟು ಇನ್ನೊಂದು ಪದರ. ಎರಡನೆಯದು ಹೊಳಪಿಗಲ್ಲ, ಮೊದಲನೆಯದು ಬಿಟ್ಟ ತೂತುಗಳಿಗೆ. ಬೋಲ್ಟಿನ ತಲೆ, ಕೆಳಗಿನ ಅಂಚು, ನಂಬರ್ ಪ್ಲೇಟ್ ಬಿಚ್ಚಿ ಅದರ ಹಿಂಬದಿ, ಇವಕ್ಕೆ ಹಚ್ಚದೆ ಬಿಟ್ಟರೆ ಹಚ್ಚಿಯೂ ಉಪಯೋಗವಿಲ್ಲ. ಗಿಡದಿಂದ ತೆಗೆಯುವ ಕಾರ್ನೋಬಾ ವ್ಯಾಕ್ಸಿಗಿಂತ ಸಿಂಥೆಟಿಕ್ ಸೀಲೆಂಟ್ ಬಿಸಿಲಿಗೆ ಹೆಚ್ಚು ದಿನ ತಡೆಯುತ್ತದೆ. ನೀರು ಹನಿಯಾಗಿ ನಿಲ್ಲದೆ ಹಾಸಿಕೊಂಡು ಹರಡತೊಡಗಿದರೆ ಮತ್ತೆ ಹಚ್ಚುವ ಹೊತ್ತು ಬಂತೆಂದೇ ಅರ್ಥ.

ಮೂರು ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ಲೆಕ್ಕ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಜೂನ್‌ಗಿಂತ ಸೆಪ್ಟೆಂಬರ್ ಮಳೆ ಜೋರು, ಆದ್ದರಿಂದ ಮೇ ಕೊನೆಗೆ ಒಂದು ಸಲ, ಆಗಸ್ಟ್ ಕೊನೆಗೆ ಇನ್ನೊಂದು ಸಲ ತಪ್ಪಿಸಬಾರದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ತಾಡಪಾಲು ಹೊದಿಸಿ ದಿನಗಟ್ಟಲೆ ನಿಲ್ಲಿಸಬೇಡಿ, ಒಳಗೆ ಬೆವರುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಇರಲಿ, ಇಲ್ಲವೇ ಬರೀ ಚಪ್ಪರದ ನೆರಳು. ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಕಡೆ ಹಾರುಬೂದಿ ಬೀಳುವಲ್ಲಿ ವಾರಕ್ಕೊಮ್ಮೆಯಾದರೂ ನೀರು ಹಾಕಿ. ಸಂದಿಯಲ್ಲಿ ನೆಂದ ಬೂದಿ ಗಟ್ಟಿ ಹೆಪ್ಪಾಗಿ ಕೂತರೆ ಕಡ್ಡಿ ಹಾಕಿಯೇ ತೆಗೆಯಬೇಕಾಗುತ್ತದೆ.

ದಸರೆಯಲ್ಲಿ ಗಾಡಿ ಪೂಜೆ ಆದ ಮೇಲಿನ ದಿನವೂ ಲೆಕ್ಕದಲ್ಲಿರಲಿ. ಕುಂಕುಮ, ಅರಿಶಿನ, ಒಡೆದ ತೆಂಗಿನ ನೀರು, ಚಕ್ರದಡಿ ಸಿಡಿದ ನಿಂಬೆರಸ, ಬಾಳೆಕಂಬದ ಸೊನೆ ಎಲ್ಲ ಬಂಪರ್ ಮೇಲೇ ಬೀಳುತ್ತವೆ. ತೆಂಗಿನ ನೀರಲ್ಲೂ ಉಪ್ಪಿನಂಶವಿದೆ. ಪೂಜೆಯ ಗುರುತು ಒಂದು ದಿನ ಇರಲಿ, ಮಾರನೆಯ ದಿನ ನೀರು ಹಾಕಿ ತೊಳೆಯಿರಿ. ಬಾಳೆಕಂಬ, ಹೂಮಾಲೆ ಕಟ್ಟಲು ಬೈಂಡಿಂಗ್ ತಂತಿಯ ಬದಲು ಹತ್ತಿ ದಾರ ಬಳಸಿ, ದಾರವನ್ನು ಅಂದೇ ಬಿಚ್ಚಿ. ದೃಷ್ಟಿಗೆಂದು ಬಂಪರ್‌ಗೆ ಸುತ್ತಿದ ಕರಿ ಹಗ್ಗ ವರ್ಷಗಟ್ಟಲೆ ಹಾಗೇ ಇರುತ್ತದೆ. ಹಗ್ಗ ಬಿಚ್ಚಿದರೆ ಅದರಡಿಯಲ್ಲಿ ಅಷ್ಟೇ ಅಗಲದ ತುಕ್ಕಿನ ಪಟ್ಟಿ ಕಾಣುತ್ತದೆ. ನಿಂಬೆ-ಮೆಣಸಿನಕಾಯಿಯನ್ನೂ ಕರಿ ಹಗ್ಗವನ್ನೂ ಬಂಪರ್ ಬಿಟ್ಟು ಕೆಳಗಿನ ಟೋ ಹುಕ್ಕಿಗೆ ಕಟ್ಟಬಹುದು.

ಹಿಂಭಾಗ

ನಿಜವಾದ ಕೆಲಸ ಇಲ್ಲಿದೆ. ಪ್ಲೇಟಿಂಗ್ ತೊಟ್ಟಿಯಲ್ಲಿ ವಿದ್ಯುತ್ ಬಂಪರ್‌ನ ಮುಂಭಾಗಕ್ಕೆ ಚೆನ್ನಾಗಿ ಹರಿಯುತ್ತದೆ, ಒಳಬಾಗಿದ ಹಿಂಭಾಗಕ್ಕೆ ಕಡಿಮೆ. ಹಾಗಾಗಿ ಅಲ್ಲಿ ನಿಕಲ್ ತೆಳು, ಕ್ರೋಮ್ ಇಲ್ಲವೇ ಇಲ್ಲ ಅನ್ನುವಷ್ಟು. ಚಕ್ರ ಎಸೆಯುವ ಕೆಸರು ಬೀಳುವುದೂ ಅಲ್ಲಿಗೇ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆ ದಾರಿಗಳಲ್ಲಿ ಓಡಾಡುವ ಗಾಡಿಯಾದರೆ ಇನ್ನೂ ಎಚ್ಚರ. ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ಮಣ್ಣಿನಲ್ಲಿ ಉಪ್ಪು ಇದ್ದೇ ಇದೆ. ಕೆಳಮಡಿಕೆಯಲ್ಲಿ ಬೆರಳು ಹಾಕಿದರೆ ಹೊರಗೆ ಒಣಗಿ ಬಿರಿದ ಮಣ್ಣು, ಒಳಗೆ ಇನ್ನೂ ಕಪ್ಪಗೆ ಹಸಿ. ಬೇಸಿಗೆಯಲ್ಲೂ ಹೀಗೇ.

ಪ್ರತಿ ತೊಳೆತದಲ್ಲಿ ಪೈಪನ್ನು ಹಿಂದಿನಿಂದ ಮುಂದಕ್ಕೆ ಹಿಡಿದು ಮಡಿಕೆ ತೊಳೆಯಿರಿ. ನೀರಿಳಿಯುವ ತೂತುಗಳಿದ್ದರೆ ಬಿದಿರು ಕಡ್ಡಿಯಿಂದ ಬಿಡಿಸಿ, ಸ್ಕ್ರೂಡ್ರೈವರ್ ಬೇಡ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಬಂಪರ್ ಬಿಚ್ಚಿ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಬೆಳಿಗ್ಗೆ ಮುರಿಯದೆ ಬರುತ್ತವೆ. ಮುಂಭಾಗವನ್ನು ದಪ್ಪ ಕಂಬಳಿಯ ಮೇಲೆ ಮಲಗಿಸಿ, ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ.

ಸಡಿಲ ತುಕ್ಕನ್ನು ತಂತಿ ಬ್ರಷ್, ಆಮೇಲೆ 80 ನಂಬರ್ ಪೇಪರ್‌ನಲ್ಲಿ ತೆಗೆಯಿರಿ. ಮಾಸ್ಕ್ ಹಾಕಿಕೊಳ್ಳಿ, ಲೇಪನದ ಪುಡಿ ಒಳಗೆ ಹೋಗಬಾರದು. ಥಿನ್ನರ್‌ನಲ್ಲಿ ಒರೆಸಿ, ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ಒಂದು ಕೈ ಹಚ್ಚಿ. ಟ್ಯಾನಿಕ್ ಬಗೆಯದಾದರೆ ಕಪ್ಪಾಗಿ ಒಣಗಲು ಒಂದು ದಿನ ಬಿಡಿ, ಫಾಸ್ಫರಿಕ್ ಬಗೆಯದಾದರೆ ಡಬ್ಬಿಯ ಮೇಲೆ ಹೇಳಿದಂತೆ ತೊಳೆಯಿರಿ ಅಥವಾ ಬಿಡಿ. ಅದರ ಮೇಲೆ ಎರಡು ಭಾಗದ ಎಪಾಕ್ಸಿ ಪ್ರೈಮರ್ ಒಂದು ಕೈ, ಕಪ್ಪು ಚಾಸಿ ಪೇಂಟ್ ಎರಡು ಕೈ. ರೆಡ್ ಆಕ್ಸೈಡ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ತೇವ ನಿಲ್ಲುವ ಈ ಜಾಗಕ್ಕೆ ಎಪಾಕ್ಸಿಯ ಬಾಳಿಕೆ ಅದಕ್ಕಿಲ್ಲ. ಪೂರ್ತಿ ಒಣಗಿದ ಮೇಲೆ ಮಡಿಕೆಗೆ ಒಣಗಿ ಗಟ್ಟಿಯಾಗುವ ಬಗೆಯ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಹೊಡೆಯಿರಿ.

ಸುಟ್ಟ ಇಂಜಿನ್ ಆಯಿಲ್ ಬಳಿಯುವುದು ನಮ್ಮಲ್ಲಿ ರೂಢಿ. ಬೇಡ. ಹಳೆಯ ಆಯಿಲ್‌ನಲ್ಲಿ ಆಮ್ಲದ ಅಂಶ ಸೇರಿರುತ್ತದೆ, ರಬ್ಬರ್ ಕೆಡುತ್ತದೆ, ಅದಿರಿನ ಧೂಳು ಅಂಟಿ ದಪ್ಪ ಲೇಪವಾಗಿ ಅದರಡಿ ನೀರು ಕೂರುತ್ತದೆ. ಹೊಸ ಗ್ರೀಸಿಗೂ ಧೂಳು ಅಂಟುವ ಗುಣ ಅದೇ. ಮರಳಿ ಕೂರಿಸುವಾಗ ಬಂಪರ್ ಮತ್ತು ಬ್ರಾಕೆಟ್ ನಡುವೆ ನೈಲಾನ್ ವಾಷರ್ ಹಾಕಿ, ಬೋಲ್ಟಿನ ಮರೆಗೆ (ಥ್ರೆಡ್ಡಿಗೆ) ಸ್ವಲ್ಪ ವ್ಯಾಕ್ಸ್. ಬೋಲ್ಟನ್ನು ಅತಿಯಾಗಿ ಬಿಗಿದರೆ ತಲೆಯ ಸುತ್ತಲಿನ ಕ್ರೋಮ್ ಸೀಳುತ್ತದೆ, ಮುಂದಿನ ತುಕ್ಕು ಅಲ್ಲಿಂದಲೇ ಶುರು.

ಮತ್ತೆ ಪ್ಲೇಟಿಂಗ್ ಮಾಡಿಸುವುದಾದರೆ

ಲೇಪನ ಸಿಪ್ಪೆಯಾಗಿ ಏಳುತ್ತಿದ್ದರೆ, ಉಬ್ಬುಗಳು ಅಂಗೈಯಗಲ ಹಬ್ಬಿದ್ದರೆ ಮೇಲಿನ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಬೆಳ್ಳಿ ಬಣ್ಣದ ಸ್ಪ್ರೇ ಹೊಡೆಯುವುದು ದುಡ್ಡು ದಂಡ. ಹಳೆಯ ಪದರವನ್ನು ಮನೆಯಲ್ಲಿ ಆಸಿಡ್ ಹಾಕಿ, ಗ್ರೈಂಡರ್ ಹಿಡಿದು ತೆಗೆಯಲು ಹೋಗಬೇಡಿ. ಕ್ರೋಮ್ ಪ್ಲೇಟಿಂಗ್ ತೊಟ್ಟಿಗಳಲ್ಲಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಆ ಕೆಲಸ ಅದಕ್ಕೆ ಬೇಕಾದ ವ್ಯವಸ್ಥೆ ಇರುವವರದ್ದೇ.

ಕೊಡುವಾಗ ದರ ಕೇಳುವ ಮೊದಲು ನಾಲ್ಕು ವಿಷಯ ಕೇಳಿ. ಹಳೆಯ ಲೇಪನ ಪೂರ್ತಿ ತೆಗೆಯುತ್ತಾರೋ, ಮೇಲೆಯೇ ಹಾಕುತ್ತಾರೋ. ತುಕ್ಕಿನ ಗುಂಡಿಗಳನ್ನು ತಾಮ್ರದಲ್ಲಿ ತುಂಬಿ ಪಾಲಿಶ್ ಮಾಡುತ್ತಾರೋ. ನಿಕಲ್ ಎಷ್ಟು ಮೈಕ್ರಾನ್ ಹಾಕುತ್ತಾರೆ. ಹೊರಗಿನ ಬಿಸಿಲು-ಮಳೆಗೆ 25–30 ಇರಲೇಬೇಕು, ಐದಾರು ಮೈಕ್ರಾನ್ ನಿಕಲ್ ಮೇಲೆ ಹಾಕಿದ ಕ್ರೋಮ್ ಅಂಗಡಿಯಲ್ಲಿ ಅಷ್ಟೇ ಹೊಳೆಯುತ್ತದೆ, ಒಂದು ಮಳೆಗಾಲಕ್ಕೆ ಚುಕ್ಕೆ ಬರುತ್ತದೆ. ಹಿಂಭಾಗಕ್ಕೆ ಎಷ್ಟು ನಿಕಲ್ ಬೀಳುತ್ತದೆ. ಬಂಪರ್ ಕೈಗೆ ಬಂದ ಮೇಲೆ ಅದೇ ಟಾರ್ಚ್ ಹಿಡಿದು ಅಂಚು, ಬೋಲ್ಟ್ ತೂತಿನ ಸುತ್ತ ನೋಡಿ. ಹಳದಿಛಾಯೆಯ ಜಾಗವಿದ್ದರೆ ಕ್ರೋಮ್ ತಲುಪಿಲ್ಲ, ಅಲ್ಲೇ ವಾಪಸ್ ಕೊಡಿ. ಗಾಡಿಗೆ ಕೂರಿಸುವ ಮುಂಚೆಯೇ ಹಿಂಭಾಗಕ್ಕೆ ಪ್ರೈಮರ್, ಪೇಂಟ್ ಮುಗಿಸಿ. ಹೊಸ ನಿಕಲ್ ನುಣುಪಾಗಿರುವುದರಿಂದ 320 ನಂಬರ್ ಪೇಪರ್‌ನಲ್ಲಿ ಒರಟು ಮಾಡಿಕೊಂಡ ಮೇಲಷ್ಟೇ ಎಪಾಕ್ಸಿ ಅದರ ಮೇಲೆ ಹಿಡಿಯುತ್ತದೆ.